ಮಾತು ಎತ್ತಿಕೊಡುವವಳು

ಹಿಲ್ಕಾಳ ಮುಖವನ್ನು ನಾನು ಸರಿಯಾಗಿ ನೋಡಿದ್ದು
ಅವಳು ಕೋತ್ಕಾದ ನಮ್ಮ ರಂಗಮಂದಿರ ಸೇರಿದ ಮೂರನೆಯ ಚಳಿಗಾಲಕ್ಕೆ.
ಅಲ್ಲಿಯ ತನಕ ಅವಳೊಂದು ದನಿ,
ದನಿಯೂ ಅಲ್ಲ, ಉಸಿರಿಗೆ ಅಂಟಿದ ಅಕ್ಷರ.
ರಂಗದ ಅಂಚಿಗೆ ಬುಟ್ಟಿ ಬೋರಲು ಹಾಕಿದಂಥ ಗೂಡು,
ಅದರೊಳಗೆ ಮೊಣಕಾಲಿಗೆ ಕಂಬಳಿ, ಅಂಗೈಯಗಲ ದೀಪ,
ಕೆಮ್ಮು ಬಾರದಿರಲೆಂದು ದವಡೆಯಲ್ಲಿ ಉಪ್ಪು ಹಾಕಿದ ಜೇಷ್ಠಮಧು.

ಅವಳಿಗೂ ನಾವು ಬರೀ ಬೂಟು.
ರಾಜನದು ಎಡ ಹಿಮ್ಮಡಿ ಸವೆದದ್ದು,
ವಿಧವೆಯದು ಪ್ರತಿ ಎರಡನೇ ಅಂಕಕ್ಕೆ ಲೇಸು ಬಿಚ್ಚುವಂಥದ್ದು.
ನನ್ನ ಹೆಬ್ಬೆರಳು ಚರ್ಮದೊಳಗೆ ಮಡಚಿಕೊಂಡರೆ ಸಾಕು,
ಮುಂದಿನ ಸಾಲು ನನಗೆ ಬಾರದೆಂದು
ನನಗಿಂತ ಮೊದಲು ಅವಳಿಗೆ ಗೊತ್ತು.

ಬಂದ ಹೊಸತರಲ್ಲಿ ಒಮ್ಮೆ
ನಾನು ಬೇಕೆಂದೇ ಹಿಡಿದಿದ್ದ ಮೌನಕ್ಕೆ
ಮಾತು ಎತ್ತಿಕೊಟ್ಟುಬಿಟ್ಟಳು. ಐದನೇ ಸಾಲಿಗೂ ಕೇಳಿಸಿತು.
ತೆರೆ ಬಿದ್ದ ಮೇಲೆ ಬಗ್ಗಿ
ಆ ಗೂಡಿನ ಬಾಯಿಗೇ ಬೈದೆ, ಬಾಯಿಗೆ ಬಂದಂತೆ.
ಒಳಗಿಂದ ಅಳು ಬರಲಿಲ್ಲ, ಕ್ಷಮೆಯೂ ಇಲ್ಲ;
ಪೆನ್ಸಿಲು ಕಾಗದ ಕೆರೆದ ಸದ್ದು, ಅಷ್ಟೆ.
ಅಲ್ಲೊಂದು ಗುರುತು ಹಾಕಿಕೊಂಡಳು.

ಹೀಗೆ ಹದಿನಾಲ್ಕು ವರ್ಷ.
ಆಮೇಲೆ ಹೊಸ ನಿರ್ದೇಶಕ ಬಂದು ರಂಗವನ್ನು ಸಪಾಟು ಮಾಡಿಸಿದ.
ಗೂಡನ್ನು ಗರಗಸದಲ್ಲಿ ಕೊಯ್ದು ಹಲಗೆ ಹೊಡೆದರು.
ಮೂವತ್ತಮೂರರ ಹೆಂಗಸು ಕಂಬಳಿ ಮಡಚಿಕೊಂಡು ಮೇಲೆ ಬಂದಳು,
ಬೆಳಕಿಗೆ ಕಣ್ಣು ಕಿರಿದು ಮಾಡಿ ಕೇಳಿದಳು: ಇನ್ನೇನು ಕೆಲಸವಿದೆ?
ಇತ್ತು. ಪರದೆಯ ಹಗ್ಗ ಇತ್ತು. ಕುಡಿದು ಸೌನಾದಲ್ಲಿ ಮಲಗಿದ
ಖಳನಾಯಕನನ್ನು ಎಬ್ಬಿಸಿ ತರುವುದಿತ್ತು.
ಪ್ರವಾಸದ ಲಾರಿಯಲ್ಲಿ ಅರಮನೆಯೊಳಗೆ ಅಡುಗೆಮನೆ ತುರುಕಿ,
ಹಿಮದಲ್ಲಿ ಹೂತ ಚಕ್ರಕ್ಕೆ ಸನಿಕೆ ಹಿಡಿಯುವುದಿತ್ತು.

ಉತ್ಸವದ ಕಚೇರಿಗೆ ಯಾವಾಗ ಹೋದಳೋ ನಾನು ಕಾಣೆ.
ಆ ವರ್ಷಗಳಲ್ಲಿ ನಾನು ನನ್ನನ್ನು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ.
ಕೇಳಿದ್ದು ಇಷ್ಟು:
ತ್ಬಿಲಿಸಿಯ ತಂಡದ ಪೆಟ್ಟಿಗೆಗಳು ಬಂದರಿನಲ್ಲಿ ಸಿಕ್ಕಿಕೊಂಡ ರಾತ್ರಿ
ಕಟ್ಟೆಗೆ ತಾನೇ ಹೋಗಿ, ಏಳನೇ ಕ್ರೇನಿನ ಅರ್ಮಸನ ಮಗಳು ನಾನು, ಅಂದಳಂತೆ.
ಹದಿನಾಲ್ಕು ಪೆಟ್ಟಿಗೆ, ಒಂದೊಂದಾಗಿ,
ಕತ್ತಲೆಯಿಂದ ಕೆಳಗಿಳಿದವು.
ಇನ್ನೊಂದು ಸಲ, ನಗರಸಭೆಯಲ್ಲಿ ಅಧ್ಯಕ್ಷರು
ಅನುದಾನದ ಅಂಕಿ ಹೇಳಲು ಚೀಟಿ ತಡಕುತ್ತಿದ್ದಾಗ
ಪಕ್ಕದಿಂದ ಮೆಲ್ಲಗೆ ಎತ್ತಿಕೊಟ್ಟಳಂತೆ: ನಾಲ್ಕು ಲಕ್ಷ.
ಚೀಟಿಯಲ್ಲಿ ಎರಡಿತ್ತು.
ಆ ಮನುಷ್ಯ ನಾಲ್ಕೇ ಅಂದ, ಗುಮಾಸ್ತ ಬರೆದೂಬಿಟ್ಟ.

ಈ ಸಲ ಉದ್ಘಾಟನೆ ಹಳೆಯ ಮರದ ಗೋದಾಮಿನಲ್ಲಿ.
ಗಾಳಿ ತಿರುಗಿ, ಕಾಗದದ ಗಿರಣಿಯ
ಕೊಳೆತ ಕೋಸಿನ ವಾಸನೆ ಒಳಗೇ ಬಂದು ಕೂತಿತ್ತು.
ಪೋಲೆಂಡಿನ ಅತಿಥಿಗಳು ಮೂಗಿಗೆ ಕರವಸ್ತ್ರ,
ಊರಿನವರು ಆರಾಮ.
ನಾನು ಎರಡನೇ ಸಾಲು, ಕೋಲು ಕಾಲ ನಡುವೆ.
ಹಿಲ್ಕಾ ಬಂದಳು. ತಲೆ ಬೆಳ್ಳಗೆ. ಕೈಯಲ್ಲಿ ಕಾಗದವಿಲ್ಲ.
"ಗೆಳೆಯರೇ" ಅಂದಳು.
ನಿಂತಳು.

ನಿಂತೇ ಇದ್ದಳು.
ನಾಲ್ಕು ಎಣಿಸಿದೆ, ಆರು, ಒಂಬತ್ತು,
ನನ್ನ ಹೆಬ್ಬೆರಳು ಬೂಟಿನೊಳಗೆ ತಾನಾಗಿ ಮಡಚಿತು.
ಅಯ್ಯೋ, ಇವಳಿಗೆ ಕೆಳಗೆ ಯಾರೂ ಇಲ್ಲವಲ್ಲ ಅನಿಸಿ
"ಸ್ವಾಗತ" ಎಂದು ಉಸಿರಿದೆ.
ಕಿವುಡು ಮುದುಕನ ಪಿಸುಮಾತು; ಐದನೇ ಸಾಲಿಗೂ ಕೇಳಿಸಿತು.

ಅವಳು ನನ್ನ ಮುಖ ನೋಡಲಿಲ್ಲ.
ಕಾಲು ನೋಡಿದಳು.
ನೋಡಿ, ಆ ಮೌನವನ್ನು ಮತ್ತೆ ಮೊದಲಿಂದ ಹಿಡಿದಳು,
ತಾಯಿ ಜಾರಿದ ಮಗುವನ್ನು ಸೊಂಟಕ್ಕೆ ಸರಿಮಾಡಿಕೊಂಡಂತೆ.
ಆಗ ಕೇಳಿತು ನಮಗೆ: ತಗಡಿನ ಮೇಲೆ ಕಡಲಕಾಗೆಯ ಉಗುರು,
ಆಚೆ ಯಾವುದೋ ಕ್ರೇನಿನ ಸರಪಳಿ,
ತೆರೆಯ ಹಿಂದೆ ಹುಡುಗಿಯೊಬ್ಬಳು ನುಂಗಿದ ಎಂಜಲು.

ಆಮೇಲೆ ಏನು ಮಾತಾಡಿದಳೋ, ನೆನಪಿಲ್ಲ.

ಹೊರಗೆ ಬರುವಾಗ ಎದುರು ಸಿಕ್ಕಳು.
"ಬೂಟು ಹೊಸದು" ಅಂದಳು.
ಹೌದೆನ್ನುವಷ್ಟರಲ್ಲಿ ಲಾರಿಯವನು
ಯಾವ ಬಾಗಿಲಿಗೆ ಹಿಂದಕ್ಕೆ ತರಲಿ ಎಂದು ಕೂಗಿದ.
ಕೈಯೆತ್ತಿ ತೋರಿಸುತ್ತ ಆ ಕಡೆ ನಡೆದಳು.